ಹೊಲಿಗೆ ಮನೆ: ಅರಸನ ಅಂಗಿಗೆ 52 ಇಂಚಿನ ಎದೆ

ರಾಜ್ಯೋತ್ಸವದ ಸ್ತಬ್ಧಚಿತ್ರಗಳು ಮುಗಿದು, ಸುಗ್ಗಿಯ ನಂತರದ ಊರಹಬ್ಬಗಳ ನಾಟಕಕ್ಕೆ ತಾಲೀಮು ಆರಂಭವಾಗುವ ಈ ದಿನಗಳಲ್ಲಿ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತಿವೆ. ಇತಿಹಾಸದ ಪಾತ್ರಗಳ ಉಡುಪನ್ನು ದಪ್ಪ ಮೈಕಟ್ಟಿನವರಿಗೆ ಹೊಲಿಯುವುದು ಹೇಗೆ, ಹೊಲಿದರೆ ಎಷ್ಟು ಹಣ ಕೇಳಬೇಕು ಎಂಬುದೇ ಆ ವಿಷಯ. ಹಲವರು ತಮ್ಮ ಹೆಸರು ಬೇಡವೆಂದು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ಐತಿಹಾಸಿಕ ನಾಟಕದಲ್ಲಿ ನನಗೆ ಕೃಷ್ಣದೇವರಾಯನ ಪಾತ್ರ ಬಂದಿದೆ. ನನ್ನ ಎದೆಯೂ ಹೊಟ್ಟೆಯೂ 52 ಇಂಚು. ಬಾಡಿಗೆಗೆ ಡ್ರೆಸ್ ಕೊಡುವವರ ಹತ್ತಿರ 42ಕ್ಕಿಂತ ದೊಡ್ಡದು ಸಿಗಲಿಲ್ಲ. ರಾಜನಿಗೆ ಇಷ್ಟು ಹೊಟ್ಟೆ ಇರುತ್ತದೆಯೇ ಎಂದು ತಂಡದವರೇ ನಗುತ್ತಾರೆ. ನಾನು ಎಂಥದ್ದನ್ನು ಹೊಲಿಸಬೇಕು?
— ಅರಸೀಕೆರೆ

ಉತ್ತರ: ನಗುವವರಿಗೆ ಮೊದಲು ಒಂದು ಸಂಗತಿ ತಿಳಿಸಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟ ವಿವರಣೆಯಲ್ಲಿ, ಅರಸ ಮಧ್ಯಮ ಎತ್ತರದವನು, ತೆಳ್ಳಗಿನವನು ಎನ್ನುವುದಕ್ಕಿಂತ ದಪ್ಪನೆಯವನು ಎನ್ನಬೇಕು, ಮುಖದಲ್ಲಿ ಸಿಡುಬಿನ ಕಲೆಗಳಿವೆ ಎಂಬ ಅರ್ಥದ ಮಾತುಗಳಿವೆ. ಚಪ್ಪಟೆ ಹೊಟ್ಟೆಯ, ಅಗಲ ಎದೆಯ ಅರಸನನ್ನು ನಮ್ಮ ಕಣ್ಣಿಗೆ ಕಟ್ಟಿಸಿದ್ದು ಕ್ಯಾಲೆಂಡರುಗಳು ಮತ್ತು ಸಿನಿಮಾ. ಆದ್ದರಿಂದ ಪಾತ್ರಕ್ಕೆ ನಿಮ್ಮ ಮೈ ಒಗ್ಗುವುದಿಲ್ಲ ಎಂಬ ಅಳುಕನ್ನು ಬಿಟ್ಟುಬಿಡಿ. ಒಗ್ಗದಿರುವುದು ಬಾಡಿಗೆಯ ಅಂಗಿ ಮಾತ್ರ.

ಅದೇ ಪಾಯಸ್ ಉಡುಪಿನ ಬಗ್ಗೆಯೂ ಹೇಳಿದ್ದಾನೆ. ಬಂಗಾರದ ಗುಲಾಬಿ ಹೂಗಳನ್ನು ಕಸೂತಿ ಮಾಡಿದ ಬಿಳಿಯ ಬಟ್ಟೆ, ಕೊರಳಲ್ಲಿ ವಜ್ರದ ಆಭರಣ, ತಲೆಯ ಮೇಲೆ ಜರತಾರಿಯ ಟೋಪಿ, ಬರಿಗಾಲು. ನಾವು ವೇದಿಕೆಯ ಮೇಲೆ ಕಾಣುವ ಕೆಂಪು ಮಖಮಲ್ಲು ಮತ್ತು ಮಿಂಚುವ ಚಮಕಿ ಕಂಪನಿ ನಾಟಕಗಳ ಬಳುವಳಿಯೇ ಹೊರತು ಈ ವಿವರಣೆಯಲ್ಲಿ ಅವು ಇಲ್ಲ. ಬಿಳಿ ಬಣ್ಣ ದಪ್ಪವನ್ನು ಎತ್ತಿ ತೋರಿಸುತ್ತದೆ ಎಂದು ಯಾರಾದರೂ ಕಪ್ಪಿಗೋ ಕಡುನೀಲಿಗೋ ಎಳೆದರೆ ಒಪ್ಪಬೇಡಿ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಆ ಆಸ್ಥಾನದ ಗಂಡಸರು ಧರಿಸುತ್ತಿದ್ದ ಕಬಾಯಿ ಎಂಬ ನಿಲುವಂಗಿ ಮತ್ತು ಕುಲ್ಲಾಯಿ ಎಂಬ ಎತ್ತರದ ಟೋಪಿ ನಿಮಗೆ ಸಾಕು. ಗುಡಿಯ ದೃಶ್ಯವಿದ್ದರೆ ಇನ್ನೂ ಸುಲಭ. ತಿರುಮಲೆಯ ದೇವಾಲಯದಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತಿರುವ ಅರಸನ ಲೋಹದ ಪ್ರತಿಮೆಗೆ ತಲೆಯಲ್ಲಿ ಕುಲ್ಲಾಯಿ ಇದೆ, ಸೊಂಟದಲ್ಲಿ ಧೋತ್ರವಿದೆ, ಮೈಮೇಲೆ ಅಂಗಿಯಿಲ್ಲ.

ಕಬಾಯಿ ಕತ್ತರಿಸುವಾಗ ನಿಮ್ಮ ದರ್ಜಿ 42ರ ಪ್ಯಾಟರ್ನನ್ನು ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸದಂತೆ ನೋಡಿಕೊಳ್ಳಿ. ಎದೆ ಹತ್ತು ಇಂಚು ಹೆಚ್ಚಿದ ಮಾತ್ರಕ್ಕೆ ಭುಜದ ಮೂಳೆ ಬೆಳೆಯುವುದಿಲ್ಲ. ಭುಜವನ್ನು ಮೈಮೇಲೆ ಅಳೆದಷ್ಟೇ ಇಟ್ಟು, ಅಗಲವನ್ನು ಕಂಕುಳಿನ ಕೆಳಗೆ ಕೊಡಬೇಕು. ಎರಡನೆಯದಾಗಿ, ಕೊರಳಿನ ಬುಡದಿಂದ ಹೊಟ್ಟೆಯ ಉಬ್ಬಿನ ಮೇಲೆ ಹಾಯ್ದು ಮೊಣಕಾಲಿನವರೆಗೆ ಒಮ್ಮೆ, ಬೆನ್ನಿನ ಮೇಲೆ ಅದೇ ಎತ್ತರಕ್ಕೆ ಇನ್ನೊಮ್ಮೆ ಟೇಪು ಹಿಡಿಸಿ. ನಿಮ್ಮ ಮೈಕಟ್ಟಿನಲ್ಲಿ ಎರಡಕ್ಕೂ ಎರಡರಿಂದ ಮೂರು ಇಂಚು ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವನ್ನು ಮುಂಭಾಗದ ಉದ್ದಕ್ಕೆ ಸೇರಿಸದಿದ್ದರೆ ಅಂಗಿಯ ಅಂಚು ಮುಂದೆ ಮೇಲಕ್ಕೆದ್ದು ನಿಂತು, ಹಿಂದೆ ಜೋತುಬಿದ್ದು, ಅರಸ ಯಾರದೋ ಅಂಗಿಯನ್ನು ಎರವಲು ತಂದವನಂತೆ ಕಾಣುತ್ತಾನೆ. ಮೂರನೆಯದು ಕಂಕುಳು. ನಾಲ್ಕೂವರೆ ಇಂಚಿನ ಚೌಕವೊಂದನ್ನು ಮೂಲೆಯಾಗಿ ತಿರುಗಿಸಿ ಕಂಕುಳಿನಲ್ಲಿ ಕೂರಿಸಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೇಳುವುದಿಲ್ಲ. ಹಳೆಯ ಕಾಲದ ಸಾದಾ ಅಂಗಿಗಳಲ್ಲಿ ಕೈ ಆಡುವುದಕ್ಕೆ ಇದ್ದ ಉಪಾಯವೂ ಇದೇ ಆಗಿರುವುದರಿಂದ ಅದನ್ನು ಮರೆಮಾಚುವ ಅಗತ್ಯವಿಲ್ಲ.

ನಡುಪಟ್ಟಿಯನ್ನು ಹೊಟ್ಟೆಯ ಅತ್ಯಂತ ಉಬ್ಬಿದ ಜಾಗದ ಮೇಲೆ ಕಟ್ಟಬೇಡಿ. ಸಂಭಾಷಣೆಯ ಮಧ್ಯದಲ್ಲಿ ಅದು ಜಾರಿಯೇ ಜಾರುತ್ತದೆ. ಒಂದೋ ಉಬ್ಬಿನ ಮೇಲ್ಗಡೆ, ಇಲ್ಲವೇ ಕೆಳಗಡೆ ಕಟ್ಟಿ. ಬಿಡುವಿದ್ದರೆ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಾಲಯದ ನಾಟ್ಯ ಗಣಪತಿಯನ್ನು ನೋಡಿ ಬನ್ನಿ. ದೊಡ್ಡ ಹೊಟ್ಟೆಯ ಮೇಲೆ ಆಭರಣ, ಪಟ್ಟಿಗಳನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಆ ಶಿಲ್ಪಿ ನಮ್ಮ ಅನೇಕ ಡ್ರಾಮಾ ಡ್ರೆಸ್‌ನವರಿಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಕೊನೆಯ ಟ್ರಯಲ್ ನಿಂತು ಮಾಡಬೇಡಿ. ಸಿಂಹಾಸನದಷ್ಟೇ ಎತ್ತರದ ಕುರ್ಚಿಯ ಮೇಲೆ ಕುಳಿತು, ಎದ್ದು, ಕತ್ತಿ ಹಿಡಿದ ಕೈಯನ್ನು ಮೇಲೆತ್ತಿ ನೋಡಿ. ಕುಳಿತಾಗ ಹೊಟ್ಟೆಯೂ ತೊಡೆಯೂ ಹರಡಿಕೊಳ್ಳುವುದರಿಂದ ಪಕ್ಕದ ಸೀಳು ಸೊಂಟದ ಮೂಳೆಯವರೆಗೆ ಇರಲಿ.

ಪ್ರಶ್ನೆ: ಮಹಿಳಾ ಸಂಘದ ರೂಪಕದಲ್ಲಿ ನಾನು ಶಾಂತಲೆಯಾಗಬೇಕು. ಎದೆ 50, ಸೊಂಟದ ಕೆಳಗಿನ ಸುತ್ತಳತೆ 56. ನಮ್ಮೂರಿನ ಶಿಲ್ಪಗಳಲ್ಲಿ ಇರುವಂತೆಯೇ ಉಡುಪು ಇರಬೇಕು, ಆದರೆ ಮನೆಮಂದಿಯ ಎದುರು ಮುಜುಗರವೂ ಆಗಬಾರದು. ದಾರಿ ಇದೆಯೇ?
— ಬೇಲೂರು

ಉತ್ತರ: 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯನ್ನು ದಿನವೂ ನೋಡುವವರಿಗೆ ನಾನು ಹೇಳಬೇಕಾದ್ದು ಕಡಿಮೆ. ಅಲ್ಲಿನ ಮದನಿಕೆಯರನ್ನು ದರ್ಜಿಯ ಕಣ್ಣಿನಿಂದ ನೋಡಿದರೆ, ಮೈಯ ಮೇಲ್ಭಾಗವನ್ನು ತುಂಬಿರುವುದು ಬಹುಮಟ್ಟಿಗೆ ಹಾರ, ಕಂಠಿ, ತೋಳಬಂದಿಗಳು. ಬಟ್ಟೆಯಿರುವುದು ಸೊಂಟದಿಂದ ಕೆಳಗೆ, ಅದೂ ಮೈಗಂಟಿದ ಗೆರೆಗಳಾಗಿ. ಅಂದರೆ ಅದು ಹೊಲಿದ ಉಡುಪಲ್ಲ, ಉಟ್ಟ ಉಡುಪು. ಉಡುವ ಬಟ್ಟೆಗೆ ಸೈಜು ಎಂಬುದಿಲ್ಲ, ಉದ್ದ ಸಾಕಾಗುತ್ತದೆಯೇ ಎಂಬುದೊಂದೇ ಪ್ರಶ್ನೆ.

ಆ ಉದ್ದದ ಲೆಕ್ಕವನ್ನು ಮಾಡಿ ನೋಡೋಣ. ನಿಮ್ಮ 56 ಇಂಚಿಗೆ ಒಂದು ಸುತ್ತು ಎಂದರೆ 1.42 ಮೀಟರು, ಎರಡು ಸುತ್ತಿಗೆ 2.85 ಮೀಟರು. ಆರು ಗಜದ ಸೀರೆಯಲ್ಲಿ, ಅಂದರೆ ಸುಮಾರು 5.5 ಮೀಟರಿನಲ್ಲಿ, ನೆರಿಗೆಗೂ ಸೆರಗಿಗೂ ಉಳಿಯುವುದು ಎರಡೂಮುಕ್ಕಾಲು ಮೀಟರಿಗಿಂತ ಕಡಿಮೆ. 38 ಇಂಚಿನವರಿಗೆ ಅದೇ ಸೀರೆಯಲ್ಲಿ ಮೂರೂವರೆ ಮೀಟರು ಉಳಿಯುತ್ತದೆ. ನೆರಿಗೆ ತೆಳುವಾಗಿ ಬಡವಾಗಿ ಕಾಣುವುದಕ್ಕೆ ಕಾರಣ ಮೈಯಲ್ಲ, ಈ ಮುಕ್ಕಾಲು ಮೀಟರಿಗೂ ಮೀರಿದ ಕೊರತೆ. ಒಂಬತ್ತು ಗಜದ ಸೀರೆ, ಅಂದರೆ ಸುಮಾರು 8.2 ಮೀಟರು, ತೆಗೆದುಕೊಂಡು ಕಚ್ಚೆ ಹಾಕಿ ಉಟ್ಟರೆ ಎರಡು ಸುತ್ತು ಕಳೆದೂ ಐದು ಮೀಟರಿಗೆ ಮೇಲ್ಪಟ್ಟು ಉಳಿದು, ಮುಂದೆ ತುಂಬು ನೆರಿಗೆ ಬರುತ್ತದೆ. ಮೆತ್ತನೆಯ ಹತ್ತಿಯನ್ನೋ ತೆಳು ರೇಷ್ಮೆಯನ್ನೋ ಆರಿಸಿ. ಗಂಜಿ ಹಾಕಿದಂತೆ ನಿಲ್ಲುವ ಟಿಶ್ಯೂ ಬಟ್ಟೆ ಬೇಡ.

ಮೈಯ ಮೇಲ್ಭಾಗಕ್ಕೆ ನಿಮ್ಮ ಮೈಬಣ್ಣಕ್ಕೆ ಹತ್ತಿರವಾದ ಕುಪ್ಪಸವನ್ನು ಹೊಲಿಸಿ, ಅದರ ಮೇಲೆ ಆಭರಣಗಳು ಮೆರೆಯಲಿ. ಈ ಕುಪ್ಪಸವೇ ದರ್ಜಿಗಳು ಎಡವುವ ಜಾಗ. ಎಡವಿದವರಲ್ಲಿ ನಾನೂ ಒಬ್ಬಳು. ಎದೆಯ ಅಳತೆಯನ್ನು ಹನ್ನೆರಡರಿಂದ ಭಾಗಿಸಿದರೆ ಕತ್ತಿನ ಒಂದು ಬದಿಯ ಅಗಲ ಸಿಗುತ್ತದೆ ಎಂದು ಹೊಲಿಗೆ ತರಗತಿಯಲ್ಲಿ ಕಲಿಸುತ್ತಾರೆ. 36ಕ್ಕೆ ಮೂರು ಇಂಚು ಬರುತ್ತದೆ, ಸರಿಯಾಗಿಯೇ ಕೂರುತ್ತದೆ. ಕಲಿತ ಹೊಸತರಲ್ಲಿ ನಾನು 52ರ ಎದೆಗೂ ಇದೇ ಸೂತ್ರ ಹಾಕಿ ಒನಕೆ ಓಬವ್ವನ ಪಾತ್ರಕ್ಕೆ ರವಿಕೆ ಕತ್ತರಿಸಿದ್ದೆ. ಒಂದೊಂದು ಬದಿಗೆ 4.33 ಇಂಚು, ಎರಡೂ ಸೇರಿ ಎಂಟೂಮುಕ್ಕಾಲರ ಹತ್ತಿರ ಕತ್ತು ತೆರೆದುಕೊಂಡಿತು. ಒನಕೆಯನ್ನು ಎತ್ತಿದ ಮೊದಲ ಪೆಟ್ಟಿಗೇ ರವಿಕೆ ಭುಜದಿಂದ ಜಾರಿತು. ಪಾಪ, ಆಕೆ ಉಳಿದ ದೃಶ್ಯವನ್ನು ಒಂದೇ ಕೈಯಲ್ಲಿ ಅಭಿನಯಿಸಿದರು. ಕತ್ತಿನ ಮೂಳೆ ಎದೆಯ ಜೊತೆಗೆ ಅಗಲವಾಗುವುದಿಲ್ಲ ಎಂಬ ಸರಳ ಮಾತು ಅಂದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಎಷ್ಟು ದೊಡ್ಡ ಎದೆಯಾದರೂ ಕತ್ತಿನ ಅಗಲವನ್ನು ನಾನು ಒಂದು ಬದಿಗೆ ಮೂರೂಕಾಲು ಇಂಚು ದಾಟಿಸುವುದಿಲ್ಲ.

ನಿಮ್ಮ ದರ್ಜಿ ಎರಡು ಅಳತೆ ತೆಗೆದುಕೊಳ್ಳಲಿ: ಕಂಕುಳಿನ ಬುಡದಲ್ಲಿ ಮೇಲೆದೆ, ಉಬ್ಬಿನ ಮೇಲೆ ತುಂಬುಎದೆ. ತುಂಬುಎದೆ 50 ಇದ್ದು ಮೇಲೆದೆ 44 ಇದ್ದರೆ, ಭುಜ, ಕತ್ತು, ಬೆನ್ನುಗಳನ್ನು 44ಕ್ಕೆ ಕತ್ತರಿಸಿ, ಉಳಿದ ಆರು ಇಂಚನ್ನು ಮುಂಭಾಗದಲ್ಲಿ ಮಡಿಚಿ ಹೊಲಿಯುವ ಟಕ್ಸ್‌ಗಳಲ್ಲಿ ತುಂಬಬೇಕು. ಇಡೀ ರವಿಕೆಯನ್ನೇ 50ಕ್ಕೆ ಕತ್ತರಿಸಿದರೆ ಬೆನ್ನಿನಲ್ಲಿ ಚೀಲದಂತೆ ಬಟ್ಟೆ ನಿಲ್ಲುತ್ತದೆ.

ಆಭರಣದ ಮಾತನ್ನು ಬಿಡುವಂತಿಲ್ಲ. ಅಂಗಡಿಯ ಹಾರಗಳ ಉದ್ದ ಸಣ್ಣ ಮೈಗೆ ಲೆಕ್ಕಹಾಕಿದ್ದು. ನಿಮ್ಮ ಎದೆಯ ಮೇಲೆ ಅವು ಕತ್ತಿನ ಹತ್ತಿರವೇ ನಿಂತುಬಿಡುತ್ತವೆ. ಹಿಂದಿನ ದಾರವನ್ನು ನಾಲ್ಕೈದು ಇಂಚು ಉದ್ದ ಮಾಡಿಸಿ. ಮುಚ್ಚಿದ ಬಳೆಯಂತಹ ವಂಕಿ ತೋಳನ್ನು ಕಚ್ಚುತ್ತದೆ, ದಾರದಿಂದ ಕಟ್ಟುವಂಥದ್ದು ಇರಲಿ. ಡಾಬಿಗೆ ಹಿಂಬದಿಯಲ್ಲಿ ಅದೇ ಬಣ್ಣದ ಪಟ್ಟಿಯೊಂದನ್ನು ಜೋಡಿಸಿದರೆ ಮುಂದಿನಿಂದ ಯಾರಿಗೂ ತಿಳಿಯದು.

ಪ್ರಶ್ನೆ: ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದು, ಈಗ ಮನೆಯಲ್ಲೇ ನಾಟಕ, ಶಾಲಾ ವಾರ್ಷಿಕೋತ್ಸವ, ಸ್ತಬ್ಧಚಿತ್ರಗಳ ಉಡುಪು ಹೊಲಿಯುತ್ತಿದ್ದೇನೆ. ಡಬಲ್ ಎಕ್ಸೆಲ್ ದಾಟಿದವರಿಗೆ ಒಂದೂವರೆ ಪಟ್ಟು ದರ ಹೇಳಿದರೆ ಜಗಳವಾಗುತ್ತದೆ. ಎಲ್ಲರಿಗೂ ಒಂದೇ ದರ ಹೇಳಿದರೆ ನನಗೆ ನಷ್ಟವಾದೀತೆಂಬ ಭಯ. ನ್ಯಾಯವಾದ ದರ ಯಾವುದು?
— ಹಾಸನ

ಉತ್ತರ: ಒಂದೂವರೆ ಪಟ್ಟು ಎಂಬುದು ಎಲ್ಲಿಂದ ಬಂತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಯಾರೋ ಹೇಳುತ್ತಿದ್ದರು, ನೀವೂ ಹೇಳಿದಿರಿ, ಅಷ್ಟೇ ಅಲ್ಲವೇ? ಬಟ್ಟೆಯನ್ನು ನೆಲದ ಮೇಲೆ ಹಾಸಿ ಲೆಕ್ಕ ಮಾಡಿದರೆ ಬೇರೆಯೇ ಸತ್ಯ ಕಾಣುತ್ತದೆ.

ಅರಸೀಕೆರೆಯವರಿಗೆ ಹೇಳಿದ ಕಬಾಯಿಯನ್ನೇ ತೆಗೆದುಕೊಳ್ಳೋಣ. ಉದ್ದ 45 ಇಂಚು, ಮಡಿಕೆ ಸೇರಿ 48. ಮುಂದೆ ತೆರೆಯದ ಸಾದಾ ಅಂಗಿ. ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು. 34ರ ಎದೆಗೆ ಸಡಿಲ ನಾಲ್ಕು ಸೇರಿಸಿದರೆ 38, ಅದರ ಅರ್ಧ 19, ಹೊಲಿಗೆಗೆ ಎರಡು, ಒಟ್ಟು 21 ಇಂಚು. ಮುಂಭಾಗ, ಹಿಂಭಾಗ ಎರಡೂ 42 ಇಂಚಿನಲ್ಲಿ ಒಂದೇ ಪನ್ನದೊಳಗೆ ಅಕ್ಕಪಕ್ಕ ಕೂರುತ್ತವೆ. ತೋಳಿಗೆ 22 ಇಂಚು ಉದ್ದ ಸೇರಿದರೆ ಒಟ್ಟು 1.8 ಮೀಟರು ಸಾಕು. ಇನ್ನು 38ರ ಎದೆಗೆ ಬನ್ನಿ. ಅದೇ ಲೆಕ್ಕದಲ್ಲಿ ಒಂದೊಂದು ಭಾಗ 23 ಇಂಚು, ಎರಡಕ್ಕೆ 46. ಪನ್ನ 44 ಮಾತ್ರ. ಆದ್ದರಿಂದ ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ಎಂದು ಎರಡು ಉದ್ದ ಬೇಕು, ಪಕ್ಕದಲ್ಲಿ ಉಳಿಯುವ 21 ಇಂಚಿನಲ್ಲಿ ತೋಳು ಹೊರಡುತ್ತದೆ, ಒಟ್ಟು 2.45 ಮೀಟರು. ಈಗ 52. ಸಡಿಲ ಆರು ಸೇರಿ 58, ಅರ್ಧ 29, ಹೊಲಿಗೆ ಸೇರಿ 31. ಇಲ್ಲಿಯೂ ಎರಡೇ ಉದ್ದ. ಪಕ್ಕದಲ್ಲಿ ಉಳಿಯುವುದು 13 ಇಂಚು. 21 ಇಂಚು ಅಗಲದ ತೋಳು ಅದರಲ್ಲಿ ಇಡಿಯಾಗಿ ಬರುವುದಿಲ್ಲ. ಆದರೆ ತೋಳಿನ ನಡುವೆ ಭುಜದಿಂದ ಮಣಿಕಟ್ಟಿನವರೆಗೆ ಒಂದು ಹೊಲಿಗೆ ಕೊಟ್ಟು ಎರಡು ಸೀಳಾಗಿ ಕತ್ತರಿಸಿದರೆ ಒಂದೊಂದು ಸೀಳು ಹನ್ನೊಂದೂವರೆ ಇಂಚು, ಸರಿಯಾಗಿ ಕೂರುತ್ತದೆ. ಮುಂಭಾಗದ ಹೆಚ್ಚುವರಿ ಎರಡು ಮೂರು ಇಂಚು ಸೇರಿದರೂ 2.5 ಮೀಟರು.

ಏನಾಯಿತು ನೋಡಿ: ಬಟ್ಟೆಯ ಖರ್ಚು ಹಾರಿದ್ದು 34ರಿಂದ 38ಕ್ಕೆ. 38ರಿಂದ 52ಕ್ಕೆ ಹೋಗುವಾಗ ಐದು ಸೆಂಟಿಮೀಟರು ಹೆಚ್ಚಾಯಿತು. ನೀವು 38ರವರಿಂದ ಹೆಚ್ಚುವರಿ ಕೇಳುವುದಿಲ್ಲ, ಕೇಳುವುದು 52ರವರಿಂದ. ತೋಳಿನ ನಡುವಿನ ಹೊಲಿಗೆ ಕುಂದು ಎಂದು ಯಾರಾದರೂ ಆಕ್ಷೇಪಿಸಿದರೆ, ಕೈಮಗ್ಗದ ಕಿರಿದಾದ ಪನ್ನದಲ್ಲಿ ತುಂಡು ಜೋಡಿಸಿ ಹೊಲಿಯುವುದು ಹಳೆಯ ಕಾಲದ ವಾಡಿಕೆಯೇ ಆಗಿತ್ತು, ಐತಿಹಾಸಿಕ ಉಡುಪಿನಲ್ಲಿ ಅದು ಹೆಚ್ಚು ಸಹಜ ಎಂದು ಧೈರ್ಯವಾಗಿ ಹೇಳಿ. ಜರಿಯ ಸಣ್ಣ ಪಟ್ಟಿಯೊಂದನ್ನು ಆ ಹೊಲಿಗೆಯ ಮೇಲೆ ಹಾಯಿಸಿದರೆ ಅದೇ ಅಲಂಕಾರವಾಗುತ್ತದೆ.

ಇನ್ನು ನಿಮ್ಮ ಕೈಕೆಲಸದ ಬೆಲೆ. ಇದನ್ನು ಹೆಚ್ಚಿನ ಹೆಣ್ಣುಮಕ್ಕಳು ಲೆಕ್ಕಕ್ಕೇ ಇಡುವುದಿಲ್ಲ. ಬಟ್ಟೆಯ ಹಣ ಬಂತು, ಮೇಲೆ ಐನೂರು ಉಳಿಯಿತು ಎಂದು ಸಮಾಧಾನಪಡುತ್ತಾರೆ. ನಾನು ಮುಂದೆ ಕೊಡುವುದು ಉದಾಹರಣೆಯ ಅಂಕಿಗಳು, ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿ. ತಿಂಗಳಿಗೆ ನಿಮಗೆ 18,000 ರೂಪಾಯಿ ದುಡಿಮೆ ಬೇಕು; 25 ದಿನ, ದಿನಕ್ಕೆ ನಿಜವಾಗಿ ಮೆಷಿನ್ನಿನ ಮುಂದೆ ಕೂರುವ ಆರು ಗಂಟೆ, ಒಟ್ಟು 150 ಗಂಟೆ; ಅಲ್ಲಿಗೆ ಗಂಟೆಗೆ 120. ಕರೆಂಟು, ಮೆಷಿನ್ ರಿಪೇರಿ, ಜಾಗದ ಬಾಡಿಗೆ, ಬಟ್ಟೆ ತರುವ ಬಸ್ಸಿನ ಖರ್ಚು ತಿಂಗಳಿಗೆ 4,500 ಎಂದರೆ ಗಂಟೆಗೆ 30. ನಿಮ್ಮ ಗಂಟೆಯ ಬೆಲೆ 150 ರೂಪಾಯಿ. ಮನೆಯೇ ಅಂಗಡಿಯಾದರೂ ಜಾಗದ ಬಾಡಿಗೆಯನ್ನು ಬಿಡಬೇಡಿ.

ಬಟ್ಟೆ ಮೀಟರಿಗೆ 300, ಒಳಗಿನ ಅಸ್ತರಿಗೆ 80, ಜರಿ ಅಂಚಿಗೆ 60, ಹುಕ್ಕು ದಾರಕ್ಕೆ ಒಟ್ಟು 60 ಎಂದು ಇಟ್ಟುಕೊಳ್ಳಿ. 34ರ ಕಬಾಯಿಗೆ ಸಾಮಾನು 894, ಒಂಬತ್ತು ಗಂಟೆಯ ಕೂಲಿ 1,350, ಒಟ್ಟು 2,244. 38ಕ್ಕೆ ಸಾಮಾನು 1,156, ಕೂಲಿ ಅಷ್ಟೇ, ಒಟ್ಟು 2,506. 52ಕ್ಕೆ ಅಂಚು ಅರ್ಧ ಮೀಟರು ಹೆಚ್ಚು ಹಿಡಿದು ಸಾಮಾನು 1,205, ತೋಳಿನ ಹೊಲಿಗೆ, ಕಂಕುಳ ಚೌಕ, ಮುಂಭಾಗದ ಹದ ಎಂದು ಒಂದೂವರೆ ಗಂಟೆ ಹೆಚ್ಚು ಹಿಡಿದು ಕೂಲಿ 1,575, ಒಟ್ಟು 2,780. 38ಕ್ಕೂ 52ಕ್ಕೂ ನಡುವಿನ ಅಂತರ 274 ರೂಪಾಯಿ, ನೂರಕ್ಕೆ ಹನ್ನೊಂದು. ಲಾಭವೆಂದು ನೂರಕ್ಕೆ ಹದಿನೈದು ಸೇರಿಸಿದರೆ 38ರ ದರ ಸುಮಾರು 2,880, 52ರ ದರ ಸುಮಾರು 3,200. ನಿಮ್ಮ ಒಂದೂವರೆ ಪಟ್ಟಿನಲ್ಲಿ ಅದು 4,300 ದಾಟುತ್ತದೆ. ಮೇಲಿನ ಸಾವಿರದ ನೂರು ರೂಪಾಯಿ ಯಾವ ಬಟ್ಟೆಗೆ, ಯಾವ ಗಂಟೆಗೆ ಹೋಯಿತು ಎಂದು ಗಿರಾಕಿ ಕೇಳಿದರೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಜಗಳ ಹುಟ್ಟುವುದು ಅಲ್ಲಿಯೇ.

ತಂಡಕ್ಕೆಲ್ಲ ಒಟ್ಟಿಗೆ ಹೊಲಿಯುವಾಗ ನಾನು ಒಂದೇ ದರ ಹೇಳುತ್ತೇನೆ. ಮೇಲಿನ ಮೂರರ ಸರಾಸರಿಗೆ ಲಾಭ ಸೇರಿಸಿದರೆ 2,900 ಬರುತ್ತದೆ, ಅದೇ ಎಲ್ಲರಿಗೂ. ಮೆರವಣಿಗೆಯ ಹತ್ತು ಸೈನಿಕರಲ್ಲಿ ಒಬ್ಬನನ್ನು ಮಾತ್ರ ಪಕ್ಕಕ್ಕೆ ಕರೆದು ‘ನಿಮ್ಮದು ಸ್ವಲ್ಪ ಜಾಸ್ತಿಯಾಗುತ್ತದೆ’ ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಒಬ್ಬರೇ ಬಂದು ಹೊಲಿಸಿಕೊಂಡರೆ ಬಟ್ಟೆ, ಅಂಚಿನ ಬಿಲ್ಲನ್ನು ಇದ್ದಂತೆ ಕೊಟ್ಟು, ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಹೇಳಿ. ಅಂದ ಹಾಗೆ, ಗಂಡಸರ ಶರ್ಟು ಹೊಲಿಯುವ ಅಂಗಡಿಗಳಲ್ಲಿ ಹೊಟ್ಟೆ ನೋಡಿ ಕೂಲಿ ಏರಿಸಿದ್ದನ್ನು ನಾನು ಕಂಡಿಲ್ಲ. ರವಿಕೆಯ ಅಂಗಡಿಗಳಲ್ಲಿ ಕಂಡಿದ್ದೇನೆ.

ಒಂದು ಕಡೆ ಮಾತ್ರ ದೊಡ್ಡ ಅಳತೆಗೆ ನಿಜವಾಗಿಯೂ ಖರ್ಚು ಏರುತ್ತದೆ. ಮೈತುಂಬ ಕೈಕಸೂತಿಯ ಹೂಗಳಿದ್ದರೆ, 42 ಇಂಚಿನ ಸುತ್ತಿನಲ್ಲಿ ಹಾಕಿದಷ್ಟೇ ಒತ್ತಾಗಿ 58 ಇಂಚಿನ ಸುತ್ತಿಗೂ ಹಾಕಬೇಕೆಂದರೆ ನೂರಕ್ಕೆ ಮೂವತ್ತೆಂಟರಷ್ಟು ಹೂ ಹೆಚ್ಚು ಬೇಕು. ಆಗ ಒಂದು ಹೂವಿಗೆ ಇಷ್ಟು ಎಂದು ಮೊದಲೇ ಹೇಳಿ, ಎಷ್ಟು ಹೂ ಬೇಕೆಂಬುದನ್ನು ಅವರೇ ನಿರ್ಧರಿಸಲಿ. ದೊಡ್ಡ ಮೈಮೇಲೆ ಚಿಕ್ಕ ಹೂಗಳು ದೂರದಿಂದ ಚುಕ್ಕೆಯಂತೆ ಕಾಣುವುದರಿಂದ, ಅಂಗೈಯಗಲದ ಹೂಗಳನ್ನು ವಿರಳವಾಗಿ ಹಾಕುವುದು ನೋಟಕ್ಕೂ ಖರ್ಚಿಗೂ ಒಳ್ಳೆಯದು.

ಮೊದಲ ಬಾರಿಗೆ ಹೊಸ ಪ್ಯಾಟರ್ನ್ ಬರೆಯಲು ಹಿಡಿದ ಎರಡು ಮೂರು ಗಂಟೆಯನ್ನು ಮಾತ್ರ ಗಿರಾಕಿಯ ತಲೆಗೆ ಕಟ್ಟಬೇಡಿ. ನಿಮ್ಮ ಹತ್ತಿರ ಪ್ಯಾಟರ್ನ್ ಇಲ್ಲದ್ದು ಅವರ ತಪ್ಪಲ್ಲ. ಅದನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, 48, 52, 56 ಎಂದು ಗುರುತು ಹಾಕಿ ಮೊಳೆಗೆ ನೇತುಹಾಕಿದರೆ ಮುಂದಿನ ವರ್ಷಗಳಲ್ಲಿ ದುಡಿಯುವುದು ಅದೇ. ಕಾರ್ಖಾನೆಯಲ್ಲಿ ಸೈಜ್ ಸೆಟ್, ಅಂದರೆ ಒಂದೇ ಉಡುಪಿನ ಎಲ್ಲ ಅಳತೆಯ ಮಾದರಿಗಳನ್ನು, ನೋಡಿದವರಿಗೆ ಇದು ಹೊಸತಲ್ಲ.

ಪ್ರಶ್ನೆ: ಕಿತ್ತೂರು ಚೆನ್ನಮ್ಮನ ಪಾತ್ರಕ್ಕೆ ಗುಳೇದಗುಡ್ಡ ಖಣದ ಕುಪ್ಪಸ ಹೊಲಿಸಬೇಕು. ಎದೆ 48. ಖಣದ ಪನ್ನ ತೀರ ಕಿರಿದು, ಆಗುವುದಿಲ್ಲ ಎಂದು ದರ್ಜಿ ಹೇಳುತ್ತಾರೆ.
— ಹೊಳೆನರಸೀಪುರ

ಉತ್ತರ: ಆಗುತ್ತದೆ. ಖಣದ ಪನ್ನ ಮೂವತ್ತು ಇಂಚಿನ ಆಸುಪಾಸು ಇರುತ್ತದೆ. ನಿಮ್ಮ 48ಕ್ಕೆ ಸಡಿಲ ಎರಡು ಸೇರಿ 50, ಅರ್ಧ 25, ಹೊಲಿಗೆ ಸೇರಿ 27. ಒಂದು ಪನ್ನದಲ್ಲಿ ಮುಂಭಾಗ, ಇನ್ನೊಂದರಲ್ಲಿ ಹಿಂಭಾಗ ಹೊರಡುತ್ತವೆ. ತೋಳುಗಳು ಮಾತ್ರ ಅಕ್ಕಪಕ್ಕ ಕೂರದೆ ಒಂದರ ಕೆಳಗೊಂದು ಬರುವುದರಿಂದ ಸಣ್ಣ ಅಳತೆಗಿಂತ ಒಂದಡಿ ಹೆಚ್ಚು ಬೇಕು, ಒಟ್ಟು ಒಂದೂವರೆ ಮೀಟರು. ಖಣದ ಎರಡೂ ಬದಿಯ ಅಂಚನ್ನು ಕತ್ತರಿಸಿ ಎಸೆಯದೆ ತೋಳಿನ ತುದಿಗೆ ಜೋಡಿಸಿ. ಕಂಕುಳಿನಲ್ಲಿ ಬಟ್ಟೆ ಸಾಲದಿದ್ದರೆ ಅದೇ ಬಣ್ಣದ ಸಾದಾ ಹತ್ತಿಯ ತುಂಡು ಹಾಕಿದರೂ ನಡೆಯುತ್ತದೆ. ಚೆನ್ನಮ್ಮ ಬ್ರಿಟಿಷರನ್ನು ಎದುರಿಸಿದ್ದು 1824ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಜಿಪ್ಪು ಮಾತ್ರ ಇಡಿಸಬೇಡಿ. ಮುಂದೆ ಗಂಟು ಹಾಕುವ ಕುಪ್ಪಸ ಅಳತೆಗೂ ಹೊಂದಿಕೊಳ್ಳುತ್ತದೆ.

ಪ್ರಶ್ನೆ: ಹೊರ ಊರುಗಳಿಂದ ವಾಟ್ಸ್ಆ್ಯಪ್‌ನಲ್ಲಿ ಅಳತೆ ಕಳಿಸಿ ಉಡುಪು ಹೊಲಿಸುವವರು ಹೆಚ್ಚಾಗಿದ್ದಾರೆ. ದಪ್ಪಗಿರುವವರು ಸಂಕೋಚದಿಂದ ಎರಡು ಮೂರು ಇಂಚು ಕಡಿಮೆ ಬರೆಯುತ್ತಾರೆ. ಆಮೇಲೆ ಬಿಗಿಯಾಯಿತೆಂದು ವಾಪಸ್ ಕಳಿಸುತ್ತಾರೆ. ಏನು ಮಾಡಲಿ?
— ಚಿಕ್ಕಮಗಳೂರು

ಉತ್ತರ: ಸಂಕೋಚವನ್ನು ಬೈದು ಪ್ರಯೋಜನವಿಲ್ಲ, ಅದು ಅಳತೆಯೊಳಗೆ ಸೇರಿಬರುತ್ತದೆ ಎಂದು ಮೊದಲೇ ತಿಳಿದು ಕತ್ತರಿಸಬೇಕು. ಅಳತೆಯ ಜೊತೆಗೆ, ಅವರಿಗೆ ಚೆನ್ನಾಗಿ ಹೊಂದುವ ಹಳೆಯ ರವಿಕೆಯನ್ನೋ ಕುರ್ತಾವನ್ನೋ ಚಾಪೆಯ ಮೇಲೆ ಹಾಸಿ, ಪಕ್ಕದಲ್ಲಿ ಟೇಪು ಇಟ್ಟು ತೆಗೆದ ಫೋಟೋ ಕೇಳಿ. ಬಟ್ಟೆಯ ಅಳತೆ ಹೇಳಲು ಯಾರಿಗೂ ನಾಚಿಕೆಯಿಲ್ಲ. ತೋಳಿನ ದಪ್ಪ, ಮುಂಗೈ, ಕುಳಿತಾಗಿನ ಸೊಂಟ, ಮುಂದಿನ ಮತ್ತು ಹಿಂದಿನ ಉದ್ದ, ಈ ಐದನ್ನು ಮರೆಯದೆ ಪಡೆಯಿರಿ. ಎದೆಯ ಅಳತೆ ಸರಿಯಿದ್ದೂ ದೊಡ್ಡ ಅಳತೆಯ ಉಡುಪು ವಾಪಸು ಬರುವುದು ಹೆಚ್ಚಾಗಿ ತೋಳಿನ ಬಿಗಿತದಿಂದ.

ಕೇಳುವ ಮಾತಿನ ಬಗ್ಗೆಯೂ ಎಚ್ಚರವಿರಲಿ. ‘ನೀವು ಎಷ್ಟು ದಪ್ಪ’ ಎನ್ನುವ ಬದಲು ‘ಈ ಪಾತ್ರದಲ್ಲಿ ಕುಣಿಯುವುದಿದೆಯೇ, ಕೂರುವುದಿದೆಯೇ, ಒಳಗೆ ಏನು ಹಾಕಿಕೊಳ್ಳುತ್ತೀರಿ’ ಎಂದು ಕೇಳಿದರೆ ಸಡಿಲ ಎಷ್ಟಿರಬೇಕೆಂಬುದು ತಾನಾಗಿ ತಿಳಿಯುತ್ತದೆ. ಎದುರಿಗೆ ಬಂದವರ ಅಳತೆಯನ್ನು ಪರದೆಯ ಹಿಂದೆ ತೆಗೆಯಿರಿ, ಅಂಕಿಯನ್ನು ಗಟ್ಟಿಯಾಗಿ ಕೂಗಿ ಹುಡುಗನ ಕೈಯಲ್ಲಿ ಬರೆಸಬೇಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ಇಡೀ ಬೀದಿಗೆ ಕೇಳುವಂತೆ ‘ಐವತ್ನಾಲ್ಕು’ ಎಂದು ಕೂಗುವ ಅಭ್ಯಾಸವೊಂದಿದೆ. ಅಂಥ ಕಡೆ ಎರಡನೆಯ ಸಲ ಯಾರು ಬರುತ್ತಾರೆ?

ಪಕ್ಕದ ಹೊಲಿಗೆಗಳಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡಿ. ನಾಲ್ಕು ಅಂಚಿಗೆ ಸೇರಿ ಸುಮಾರು ನಾಲ್ಕು ಇಂಚು ಬಿಚ್ಚಲು ಸಿಗುತ್ತದೆ. ನಾನು ಮೇಲೆ ಕೊಟ್ಟ ಬಟ್ಟೆಯ ಲೆಕ್ಕದಲ್ಲಿ ಹೊಲಿಗೆಗೆ ಬಿಟ್ಟಿದ್ದು ಭಾಗವೊಂದಕ್ಕೆ ಎರಡೇ ಇಂಚು, ಹೊರಊರಿನ ಕೆಲಸಕ್ಕೆ ಅದನ್ನು ಮೂರು ಎಂದು ತಿದ್ದಿಕೊಳ್ಳಿ. ಬೆಲೆಬಾಳುವ ಬಟ್ಟೆಯಾದರೆ ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ಕಳಿಸಿ, ಅವರು ತೊಟ್ಟು ಎಲ್ಲಿ ಬಿಗಿ ಎಂದು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕಳಿಸಲಿ. ಅದರ ಖರ್ಚನ್ನೂ ಅಂಚೆಯ ಹಣವನ್ನೂ ಮುಂಗಡದಲ್ಲಿ ಸೇರಿಸಿ, ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಮುಂಗಡ ಅರ್ಧ ಇರಲಿ. 52ರ ಅರಸನ ಅಂಗಿಯನ್ನು ಗಿರಾಕಿ ಕೈಬಿಟ್ಟರೆ ಇನ್ನೊಬ್ಬರಿಗೆ ಮಾರುವುದು ಸುಲಭವಲ್ಲ.

ಪ್ರಶ್ನೆ: ಪೌರಾಣಿಕ ನಾಟಕಗಳಿಗೆ ಬಾಡಿಗೆ ಡ್ರೆಸ್ ಕೊಡುತ್ತೇನೆ. ಭೀಮ, ದುರ್ಯೋಧನರ ಪಾತ್ರಕ್ಕೆ ಬರುವವರೆಲ್ಲ ದೊಡ್ಡ ಆಳುಗಳು. ಹೊಸದಾಗಿ ಮಖಮಲ್ಲಿನ ಎರಡು ಸೆಟ್ ಮಾಡಿಸಬೇಕು. ಯಾವ ಅಳತೆಗೆ ಮಾಡಿಸಲಿ?
— ಸಕಲೇಶಪುರ

ಉತ್ತರ: ಎರಡನ್ನೂ 54ಕ್ಕೆ ಮಾಡಿಸಿ, ಬೆನ್ನಿನಲ್ಲಿ ಮತ್ತು ಎರಡೂ ಪಕ್ಕದಲ್ಲಿ ದಾರ ಪೋಣಿಸುವ ತೂತುಗಳನ್ನು ಹೊಡೆಸಿ ಬಿಗಿಯುವಂತೆ ಇಡಿಸಿ. ದೊಡ್ಡದನ್ನು 44ರವರೆಗೆ ಬಿಗಿಯಬಹುದು, ಚಿಕ್ಕದನ್ನು ಹಿಗ್ಗಿಸಲಾಗದು. ದಾರದ ಅಡಿಯಲ್ಲಿ ಅದೇ ಬಣ್ಣದ ಅಗಲ ಪಟ್ಟಿಯಿದ್ದರೆ ತೆರೆದ ಜಾಗ ಕಾಣುವುದಿಲ್ಲ. ಮಖಮಲ್ಲನ್ನು ಕತ್ತರಿಸುವಾಗ ಕೂದಲು ಒಂದೇ ದಿಕ್ಕಿಗೆ ಇರುವಂತೆ ಎಲ್ಲ ತುಂಡುಗಳನ್ನೂ ಇಡಬೇಕು. ಬಟ್ಟೆ ಉಳಿಸಲೆಂದು ಒಂದನ್ನು ತಲೆಕೆಳಗಾಗಿ ಇಟ್ಟರೆ ದೀಪದ ಬೆಳಕಿನಲ್ಲಿ ಆ ಭಾಗ ಬೇರೆ ಬಣ್ಣದ್ದಾಗಿ ಕಾಣುತ್ತದೆ. ಹೀಗಾಗಿ ಸಾದಾ ಬಟ್ಟೆಗಿಂತ ಸ್ವಲ್ಪ ಹೆಚ್ಚೇ ಕೊಳ್ಳಿ. ಒಳಗೆ ಸಿಂಥೆಟಿಕ್ ಅಸ್ತರಿ ಬೇಡ. ರಾತ್ರಿಯಿಡೀ ಬೆಳಕಿನಡಿ ಗದೆ ಹಿಡಿದು ನಿಲ್ಲುವ ದೊಡ್ಡ ಮೈಯಿಂದ ಇಳಿಯುವ ಬೆವರನ್ನು ಹತ್ತಿಯೇ ಹೀರಬೇಕು, ಮತ್ತು ಆ ಅಸ್ತರಿಯನ್ನು ಹುಕ್ಕಿನಿಂದ ಬಿಚ್ಚಿ ಒಗೆಯುವಂತೆ ಬೇರೆಯಾಗಿಯೇ ಹೊಲಿಸಿ. ಬಾಡಿಗೆಯನ್ನು ಉಳಿದ ಸೆಟ್ಟುಗಳಷ್ಟೇ ಇಡಿ. ಭೀಮನ ಡ್ರೆಸ್ಸು ಭೀಮನ ಅಳತೆಗೆ ಇದೆ ಎಂಬ ಸುದ್ದಿ ಹರಡಿದರೆ ಊರೂರಿನ ತಂಡಗಳು ಇಡೀ ನಾಟಕದ ಡ್ರೆಸ್ಸನ್ನು ನಿಮ್ಮಲ್ಲೇ ಹಿಡಿಯುತ್ತವೆ.